ಟ್ಯಾಲಿರಾಂಡ್

ಸಿಂಹಾಸನಗಳು ದಿನಕ್ಕೊಂದರಂತೆ ಉರುಳುತ್ತಿದ್ದ ಕಾಲದಲ್ಲಿ ತಲೆಯನ್ನು ಉಳಿಸಿಕೊಂಡುದೇ ಒಂದು ಸಾಹಸ. ತಲೆಯೊಡನೆ ಪದವಿಯನ್ನೂ ಉಳಿಸಿಕೊಂಡವನೊಬ್ಬನ ಕಥೆಯನ್ನು ಈ ಸಂಜೆ ಶ್ರೋತೃಗಳ ಮುಂದಿಡುತ್ತೇವೆ.

1754ರಲ್ಲಿ ಪ್ಯಾರಿಸ್ಸಿನ ಕುಲೀನ ಮನೆತನವೊಂದರಲ್ಲಿ ಹುಟ್ಟಿದ ಟ್ಯಾಲಿರಾಂಡನಿಗೆ ಎಳೆತನದಿಂದಲೂ ಒಂದು ಕಾಲು ಕುಂಟು. ಸೈನ್ಯಕ್ಕೆ ಒದಗನೆಂದು ತಂದೆತಾಯಿಗಳು ಜ್ಯೇಷ್ಠಾಧಿಕಾರವನ್ನು ತಮ್ಮನಿಗೆ ಕೊಟ್ಟು ಇವನನ್ನು ಪಾದ್ರಿಯ ವೃತ್ತಿಗೆ ದೂಡಿದರು. ಮನಸ್ಸಿಲ್ಲದೆ ತೊಟ್ಟ ಆ ನಿಲುವಂಗಿಯಲ್ಲಿಯೇ ಆತನು 1788ರಲ್ಲಿ ಬಿಷಪ್ಪನಾದನು. ಮರುವರ್ಷವೇ ಮಹಾಕ್ರಾಂತಿ. ಚರ್ಚಿನ ಆಸ್ತಿಯನ್ನು ರಾಷ್ಟ್ರದ ವಶಮಾಡಬೇಕೆಂದು ಸಭೆಯಲ್ಲಿ ಸೂಚಿಸಿದವನು ಈ ಬಿಷಪ್ಪನೇ! 1792ರಲ್ಲಿ ರಕ್ತಪಾತವು ತಲೆದೋರಲು, ರಹದಾರಿ ಪಡೆದು ಇಂಗ್ಲೆಂಡಿಗೂ, ಅಲ್ಲಿಂದ ಅಮೆರಿಕಕ್ಕೂ ಹೋಗಿ, ಬಿರುಗಾಳಿ ಅಡಗಿದ ಮೇಲೆ ಹಿಂದಿರುಗಿದನು.

1797ರಲ್ಲಿ ವಿದೇಶಾಂಗ ಮಂತ್ರಿಯಾದೊಡನೆ ಆತನ ಕಡೆಯವರು ಅಮೆರಿಕದ ದೂತರಿಂದ 50,000 ಪೌಂಡು ಲಂಚ ಕೇಳಿದರು. ಅವರು ಕೊಡಲಿಲ್ಲ, ಊರೆಲ್ಲ ಗುಲ್ಲಾಯಿತು. ಮೈಸೂರಿನವರಾದ ನಮಗೆ ಇನ್ನೊಂದು ಸಂಗತಿ ಸ್ವಾರಸ್ಯವಾದುದು. 1798ರ ಫೆಬ್ರವರಿಯಲ್ಲಿ ಆತನು ಬರೆದ ವರದಿಯಲ್ಲಿ, ಈಜಿಪ್ಟನ್ನು ಗೆದ್ದ ಬಳಿಕ ಸೂಯೆಜ್ಜಿನಿಂದ 15,000 ಸೈನಿಕರನ್ನು ಟಿಪ್ಪುಸುಲ್ತಾನನ ನೆರವಿಗೆ ಕಳುಹಿಸುವ ಸೂಚನೆಯಿದ್ದಿತು. ಆ ಸೇನೆ ಬರಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು.

ಅದೇ ವರ್ಷ ನೆಪೋಲಿಯನ್ನನನ್ನು ಅಧಿಕಾರಕ್ಕೇರಿಸಲು ನೆರವಾಗಿ ಮತ್ತೆ ಮಂತ್ರಿಯಾದ ಟ್ಯಾಲಿರಾಂಡನು, ಚಕ್ರವರ್ತಿಯ ಯುದ್ಧದಾಹಕ್ಕೆ ಮಿತಿಯಿಲ್ಲವೆಂದು ಕಂಡು 1807ರಲ್ಲಿ ಆ ಪದವಿಯನ್ನು ಬಿಟ್ಟನು. ಆದರೂ 1808ರಲ್ಲಿ ರಷ್ಯದ ಜಾರ್ ಅಲೆಕ್ಸಾಂಡರನನ್ನು ಒಲಿಸಲು ನೆಪೋಲಿಯನ್ ಎರ್‌ಫುರ್ಟಿಗೆ ಅವನನ್ನೇ ಕರೆದೊಯ್ದನು. ಟ್ಯಾಲಿರಾಂಡನು ಗುಟ್ಟಾಗಿ ಜಾರನಿಗೆ ಹೇಳಿದುದು, ನೆಪೋಲಿಯನ್ನನಿಗೆ ಬಗ್ಗಬೇಡವೆಂದು! ಇದು ಸ್ವಾಮಿದ್ರೋಹವಲ್ಲವೆ? ಹೌದೆಂದೇ ಹೇಳಬೇಕು. ಫ್ರಾನ್ಸು ಬೇರೆ, ನೆಪೋಲಿಯನ್ ಬೇರೆ ಎಂಬುದು ಆತನ ಸಮಾಧಾನ. ಆದರೆ ಮರುವರ್ಷ ಆಸ್ಟ್ರಿಯಕ್ಕೆ ಗುಟ್ಟುಗಳನ್ನು ಹಣಕ್ಕೆ ಮಾರಿದುದನ್ನು ನೆನೆದಾಗ ಆ ಸಮಾಧಾನವು ನಮಗೆ ಪೂರ್ತಿ ರುಚಿಸುವುದಿಲ್ಲ. 1809ರ ಜನವರಿಯಲ್ಲಿ ಚಕ್ರವರ್ತಿಯು ಎಲ್ಲರ ಇದಿರಿಗೆ ಬಾಯಿಗೆ ಬಂದಂತೆ ಬೈದಾಗ ಆತನು ತುಟಿಪಿಟಕ್ಕೆನ್ನದೆ ನಿಂತಿದ್ದು, ಹೊರಗೆ ಬಂದ ಮೇಲೆ, ಇಷ್ಟು ದೊಡ್ಡ ಮನುಷ್ಯನಿಗೆ ಯಾರೂ ನಡತೆ ಕಲಿಸಲಿಲ್ಲವಲ್ಲಾ ಎಂದು ಮರುಗಿದನೆಂದು ಪ್ರತೀತಿ.

1814ರ ಮಾರ್ಚ್ 31ರಂದು ಶತ್ರುಸೇನೆಗಳು ಪ್ಯಾರಿಸ್ಸನ್ನು ಹೊಕ್ಕವು. ಜಾರನು ಇಳಿದುಕೊಂಡುದು ಟ್ಯಾಲಿರಾಂಡನ ಮನೆಯಲ್ಲಿಯೇ. ಹದಿನೆಂಟನೆಯ ಲೂಯಿ ಪಟ್ಟಕ್ಕೆ ಬಂದನು. ಆತನ ಪ್ರತಿನಿಧಿಯಾಗಿ ಟ್ಯಾಲಿರಾಂಡನು ವಿಯೆನ್ನಾ ಸಮ್ಮೇಳನಕ್ಕೆ ಹೋದನು. ಅಲ್ಲಿ ಇಂಗ್ಲೆಂಡು, ಆಸ್ಟ್ರಿಯ, ರಷ್ಯ, ಪ್ರಷ್ಯಗಳು ಎಲ್ಲವನ್ನೂ ತಮ್ಮತಮ್ಮಲ್ಲೇ ತೀರ್ಮಾನಿಸಿಕೊಳ್ಳುವ ಹವಣಿಕೆಯಲ್ಲಿದ್ದವು. ಸೆಪ್ಟೆಂಬರ್ 30ರಂದು ಆತನ ಮುಂದೆ ಓದಿದ ಕಾಗದದಲ್ಲಿ ‘ಮಿತ್ರರಾಷ್ಟ್ರಗಳು’ ಎಂಬ ಶಬ್ದವಿದ್ದಿತು. ಯಾರ ವಿರುದ್ಧ ಈ ಮೈತ್ರಿಯೆಂದು ಕೇಳಿದನು. ನೆಪೋಲಿಯನ್ ಎಲ್ಬಾದಲ್ಲಿರುವನು, ಫ್ರಾನ್ಸಿನೊಡನೆ ಮೇ ತಿಂಗಳಿನಲ್ಲೇ ಸಂಧಿಯಾಗಿದೆ, ಇನ್ನು ಶತ್ರು ಯಾರು? ಉತ್ತರವಿರಲಿಲ್ಲ. ಆ ಕಾಗದವನ್ನು ಕೈಬಿಡಬೇಕಾಯಿತು. ಮುಂದೆ ಪೋಲೆಂಡು, ಸ್ಯಾಕ್ಸನಿಗಳಿಗಾಗಿ ನಾಲ್ವರಲ್ಲಿ ಒಡಕು ಹುಟ್ಟಲು, 1815ರ ಜನವರಿ 3ರಂದು ಇಂಗ್ಲೆಂಡು, ಆಸ್ಟ್ರಿಯಗಳೊಡನೆ ಗುಪ್ತ ಒಪ್ಪಂದವನ್ನೇ ಮಾಡಿಕೊಂಡನು. ಒಂಬತ್ತು ತಿಂಗಳ ಹಿಂದೆ ರಾಜಧಾನಿಯನ್ನೇ ಒಪ್ಪಿಸಿದ್ದ ದೇಶವು ಸಮಾನಸ್ಕಂಧರ ಪಂಕ್ತಿಯಲ್ಲಿ ಕುಳಿತಿತು. ಆತನ ಉಳಿದ ಕೃತ್ಯಗಳನ್ನು ಹೇಗೆಯೇ ತೂಗಲಿ, ಇದನ್ನು ತಕ್ಕಡಿಯಿಂದ ತೆಗೆಯುವಂತಿಲ್ಲ.

1830ರ ಕ್ರಾಂತಿಯಲ್ಲಿ ಆ ರಾಜವಂಶವೂ ಹೋಯಿತು. ಹೊಸ ದೊರೆ ಲೂಯಿ ಫಿಲಿಪ್ಪನು 76 ವರ್ಷದ ಈ ವೃದ್ಧನನ್ನೇ ಲಂಡನ್ನಿಗೆ ರಾಯಭಾರಿಯಾಗಿ ಕಳುಹಿಸಿದನು.

1838ರ ಮೇ 17ರ ಮುಂಜಾನೆ, ಮರಣಶಯ್ಯೆಯಲ್ಲಿ, ಎಂದೋ ತನ್ನನ್ನು ಬಹಿಷ್ಕರಿಸಿದ್ದ ಚರ್ಚಿಗೆ ಶರಣಾಗಿ ಪತ್ರಕ್ಕೆ ರುಜು ಹಾಕಿದನು. ಪಾದ್ರಿಯು ಅಂಗೈಗೆ ಪವಿತ್ರತೈಲವನ್ನು ಹಚ್ಚಲು ಬಂದಾಗ ಕೈಗಳನ್ನು ಮಗುಚಿ ಹಿಡಿದನಂತೆ. ದೀಕ್ಷೆ ಪಡೆದವರಿಗೆ ಅಂಗೈಯ ಅಭ್ಯಂಜನ ಆಗಲೇ ಆಗಿರುತ್ತದೆ. ತಾನು ಬಿಷಪ್ಪನೆಂಬುದನ್ನು ಮರೆಯಬಾರದೆಂದು ಪಾದ್ರಿಗೆ ನೆನಪು ಮಾಡಿದನು.