ಗೋಡೆಯೊಳಗಿನ ಗೋಡೆ

ರೋಮನ್ ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಉತ್ತರ ಇಂಗ್ಲೆಂಡಿಗೆ ಅಡ್ಡಲಾಗಿ ಕಟ್ಟಿಸಲು ತೊಡಗಿದ ಗೋಡೆ ಸುಮಾರು 117 ಕಿ.ಮೀ. ಉದ್ದವಿತ್ತು. ಅದರ ಬಹುಭಾಗ ಇಂದು ಕಣ್ಣಿಗೆ ಬೀಳುವುದಿಲ್ಲ. ಕಲ್ಲು ಕರಗಿಹೋಗಲಿಲ್ಲ, ಸುತ್ತಲ ರೈತರ ಮನೆ, ಕೊಟ್ಟಿಗೆ, ಚರ್ಚುಗಳೊಳಗೆ ಸೇರಿಕೊಂಡಿತು. ವಿಲೋಫರ್ಡ್‌ನ ಹೊಲಮನೆಯ ಕಟ್ಟಡವೊಂದರಲ್ಲಿ ಗೆಲ್ಲಿಯಸ್ ಫಿಲಿಪ್ಪಸ್ ಎಂಬವನ ತುಕಡಿಯ ಹೆಸರು ಕೆತ್ತಿದ ಕಲ್ಲಿದೆ. ಗೋಡೆಯ ಯಾವ ಪಾಲನ್ನು ಯಾರು ಕಟ್ಟಿದರೆಂದು ಸಿಪಾಯಿಗಳು ಹಾಕಿದ ರುಜು ಇದು. ಇಂಥ ಕಲ್ಲುಗಳನ್ನು ಕಿತ್ತು ಮ್ಯೂಸಿಯಮ್ಮಿಗೆ ಸಾಗಿಸಬಾರದು, ರೈತ ಇಟ್ಟಲ್ಲಿಯೇ ಬಿಡಬೇಕು ಎಂಬುದು ನನ್ನ ವಾದ. ರೈತ ಕಲ್ಲನ್ನು ಬಹುದೂರ ಹೊತ್ತವನಲ್ಲ, ಹತ್ತಿರ ಸಿಕ್ಕಿದ್ದನ್ನೇ ಎತ್ತಿಕೊಂಡ. ಹಾಗಾಗಿ ಅವನ ಮನೆಯೇ ಆ ತುಕಡಿ ಎಲ್ಲಿ ದುಡಿಯಿತೆಂಬುದಕ್ಕೆ ಸಾಕ್ಷಿ. ಗಾಜಿನ ಪೆಟ್ಟಿಗೆಯಲ್ಲಿ ಅಕ್ಷರ ಉಳಿಯುತ್ತದೆ, ಊರು ಕಳೆಯುತ್ತದೆ.

ಕಳ್ಳಮಾಲಿಗೆ ಮರ್ಯಾದೆ ಕೊಟ್ಟಂತಾಗಲಿಲ್ಲವೇ ಎಂದು ಕೇಳಬಹುದು. ಆದರೆ ಮರುಬಳಕೆಗೂ ಈಗ ಶತಮಾನಗಳ ಚರಿತ್ರೆಯಿದೆ. ಹೆಕ್ಸ್‌ಹ್ಯಾಮ್ ಚರ್ಚಿನ ಏಳನೆಯ ಶತಮಾನದ ನೆಲಮಾಳಿಗೆಯಲ್ಲಿ ಕೂರಿಸಿದ ರೋಮನ್ ಶಾಸನದಲ್ಲಿ, ಅಣ್ಣನಿಂದ ಕೊಲೆಯಾದ ರೋಮನ್ ಸಹಚಕ್ರವರ್ತಿ ಗೇಟನ ಹೆಸರನ್ನು ಉಳಿಯಿಂದ ಅಳಿಸಿದ ಗಾಯ ಇನ್ನೂ ಕಾಣುತ್ತದೆ. ಕಟ್ಟಡದೊಳಗೆ ಸೇರದಿದ್ದರೆ ಅದು ಉಳಿಯುತ್ತಿತ್ತೆಂಬ ಭರವಸೆಯೇನಿರಲಿಲ್ಲ. ಕಾನೂನೂ ಇದೇ ಜಾಡಿನಲ್ಲಿದೆ. 1947ರ ಕಾಯಿದೆಯ ನಂತರ ಬೆಳೆದ ಬ್ರಿಟನ್ನಿನ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ, ಮೂಲರೂಪ ಉಳಿಸಿಕೊಂಡ 1700ಕ್ಕೂ ಹಿಂದಿನ ಕಟ್ಟಡಗಳು ಹೆಚ್ಚುಕಡಿಮೆ ತಾವಾಗಿಯೇ ಸೇರುತ್ತವೆ. ಸೇರಿದ ಮನೆಗೆ ಅಂಟಿಕೊಂಡ ಕಲ್ಲೂ ಮನೆಯದೇ ಭಾಗ. ಅದರ ಸ್ವರೂಪ ಕೆಡುವಂತೆ ಅನುಮತಿಯಿಲ್ಲದೆ ಕಿತ್ತರೆ ಅಪರಾಧ. ಹದಿನೇಳನೆಯ ಶತಮಾನದ ಗುಡಿಸಲೊಂದು ತನಗಿಂತ ಸಾವಿರದೈನೂರು ವರ್ಷ ಹಿರಿಯ ಕಲ್ಲಿಗೆ ಕಾವಲುಗಾರ!

ಮಳೆಗಾಳಿಯ ಆಕ್ಷೇಪ ಮಾತ್ರ ಗಟ್ಟಿಯದು. ಹೊರಗೋಡೆಯ ಮರಳುಗಲ್ಲಿನಲ್ಲಿ ಅಕ್ಷರ ಸವೆಯುತ್ತದೆ. ಅಂಥ ಕಲ್ಲಿಗೆ ಮೊದಲು ಸೂರಿನ ಮರೆ ಕೊಡಬೇಕು. ಅದೂ ಸಾಲದಿದ್ದರೆ ಒಳಗೆ ಸರಿಸಿ, ಅದೇ ತಾವಿನಲ್ಲಿ ಅದರ ನಕಲನ್ನು ಕೂರಿಸಬೇಕು. ಇದ್ದಲ್ಲಿಯೇ ಉಳಿಸುವ ಯತ್ನ ಹೊಸದೇನಲ್ಲ. ಶ್ರೀಮಂತ ವಕೀಲ ಜಾನ್ ಕ್ಲೇಟನ್ 1834ರಿಂದ ಗೋಡೆ ಹಾದ ಜಮೀನನ್ನೇ ಕೊಳ್ಳುತ್ತ ಹೋಗಿ ಬಹಳಷ್ಟನ್ನು ಉಳಿಸಿದ, ನಿಜ. ಎಲ್ಲರಿಗೂ ಅವನ ಹಣವಿರಲಿಲ್ಲ. 1801ರಲ್ಲಿ ಗೋಡೆಯುದ್ದಕ್ಕೂ ನಡೆದ 78ರ ವಿಲಿಯಂ ಹಟ್ಟನ್, ಪ್ಲೇನ್‌ಟ್ರೀಸ್‌ನಲ್ಲಿ ಮನೆಗಾಗಿ ಗೋಡೆ ಕೆಡವಿಸುತ್ತಿದ್ದ ಜಮೀನುದಾರನನ್ನು ಬೇಡಿಕೊಂಡ. ಆಗ ಉಳಿದ ತುಂಡು ಇವತ್ತಿಗೂ ಅಲ್ಲೇ ನಿಂತಿದೆ.