ಅಂಬಾಸಡರ್ ಟ್ಯಾಂಕಿಗೆ ಟ್ರ್ಯಾಕ್ಟರ್ ಹೇಳಿದ ಪಾಠ



ಯಾಲಾಲದಿಂದ ತಾಂಡೂರಿಗೆ ಹೋಗುವ ದಾರಿಯಲ್ಲಿ ಕಲ್ಲು ಹೊತ್ತ ಲಾರಿಗಳು, ಟ್ರ್ಯಾಕ್ಟರುಗಳು ದಿನವೂ ಕಾಣುತ್ತವೆ. ಅವುಗಳ ನಡುವೆ ಎಂದಾದರೊಮ್ಮೆ ಹಳೆಯ ಅಂಬಾಸಡರ್ ಬಂದರೆ ನಮ್ಮ ಮಕ್ಕಳು ನಿಂತು ನೋಡುತ್ತಾರೆ. "ಸಾರ್, ಇದಕ್ಕೆ ಈಗಿನ ಕಾರಿನ ಎಂಜಿನ್ ಕೂರಿಸಿದರೆ ಓಡುತ್ತದಾ?" ಎಂದು ಒಬ್ಬ ಹುಡುಗ ಕೇಳಿದ. ಓಡುತ್ತದೆ, ಆದರೆ ಮೊದಲು ಟ್ಯಾಂಕ್ ನೋಡಬೇಕು ಎಂದೆ. ತರಗತಿ ನಕ್ಕಿತು. ಎಂಜಿನ್ ಇರುವುದು ಮುಂದೆ, ಟ್ಯಾಂಕ್ ಇರುವುದು ಹಿಂದೆ, ಎರಡಕ್ಕೂ ಏನು ಸಂಬಂಧ? ಉತ್ತರ ಹೇಳಲು ಸ್ವಲ್ಪ ಇತಿಹಾಸ, ಸ್ವಲ್ಪ ವಿಜ್ಞಾನ ಎರಡೂ ಬೇಕು.

ಕಾರ್ಬ್ಯುರೇಟರ್ ಕಾಲ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕುಗಳೂ ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು ಮತ್ತು ಜಹೀರಾಬಾದಿನ ಬಹುಭಾಗವೂ ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ಅವು ತೆಲಂಗಾಣದ ಭಾಗವಾದವು. ಇದೇ ಅವಧಿ ಅಂಬಾಸಡರ್ ಕಾರಿನ ಆಯುಷ್ಯವೂ ಹೌದು. 1950ರ ದಶಕದ ಕೊನೆಯಲ್ಲಿ ಕೋಲ್ಕತ್ತ ಹತ್ತಿರದ ಉತ್ತರಪಾರದಲ್ಲಿ ಹಿಂದೂಸ್ತಾನ್ ಮೋಟರ್ಸ್ ಅದನ್ನು ತಯಾರಿಸತೊಡಗಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಅದರ ಮೂಲ. 2014ರ ಮೇ ತಿಂಗಳಲ್ಲಿ ಉತ್ಪಾದನೆ ನಿಂತಿತು.

ಅಂಥ ಹಳೆಯ ಪೆಟ್ರೋಲ್ ಕಾರುಗಳಲ್ಲಿ ಇಂಧನದ ಏರ್ಪಾಡು ಬಹಳ ಸರಳ. ಟ್ಯಾಂಕಿನಿಂದ ಒಂದೇ ಪೈಪು ಹೊರಡುತ್ತದೆ. ಸಣ್ಣ ಪಂಪು ಪೆಟ್ರೋಲನ್ನು ಎಳೆದು ಕಾರ್ಬ್ಯುರೇಟರಿಗೆ ಕೊಡುತ್ತದೆ. ಅಲ್ಲಿ ಬೇಕಾದ ಒತ್ತಡ 0.2ರಿಂದ 0.3 ಬಾರ್ ಮಾತ್ರ. ಕಾರ್ಬ್ಯುರೇಟರಿನಲ್ಲಿ ಒಂದು ಪುಟ್ಟ ಬಟ್ಟಲು ಇದೆ, ಅದರಲ್ಲಿ ತೇಲುಗುಂಡು. ಬಟ್ಟಲು ತುಂಬಿದರೆ ತೇಲುಗುಂಡು ದಾರಿ ಮುಚ್ಚುತ್ತದೆ, ಖಾಲಿಯಾದರೆ ತೆರೆಯುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿರುವ ವಾಲ್ವ್ ಕೂಡ ಹೀಗೇ ಕೆಲಸ ಮಾಡುತ್ತದೆ. ತಿರುವಿನಲ್ಲಿ ಟ್ಯಾಂಕಿನ ಪೆಟ್ರೋಲ್ ಒಂದು ಬದಿಗೆ ಸರಿದು ಪೈಪಿಗೆ ಒಂದು ಕ್ಷಣ ಗಾಳಿ ಹೋದರೂ ಚಿಂತೆಯಿಲ್ಲ. ಬಟ್ಟಲಿನಲ್ಲಿದ್ದ ಪೆಟ್ರೋಲು ಎಂಜಿನನ್ನು ನಡೆಸುತ್ತದೆ.

ಇಂಜೆಕ್ಷನ್ ಬಂದ ದಾರಿ

ಇಂಜೆಕ್ಷನ್ ಎಂದರೆ ಇಂಧನವನ್ನು ಒತ್ತಡದಿಂದ ಸಿಂಪಡಿಸುವುದು. ಜರ್ಮನಿಯ ಬಾಷ್ ಕಂಪನಿ ಡೀಸೆಲ್ ಇಂಜೆಕ್ಷನ್ ಪಂಪುಗಳ ಉತ್ಪಾದನೆ ಆರಂಭಿಸಿದ್ದು 1927ರಲ್ಲಿ. 1954ರ ಮರ್ಸಿಡಿಸ್ 300 ಎಸ್‌ಎಲ್ ಕಾರಿನಲ್ಲಿ ಪೆಟ್ರೋಲ್ ಇಂಜೆಕ್ಷನ್ ಇತ್ತು. ಎಲೆಕ್ಟ್ರಾನಿಕ್ ಇಂಜೆಕ್ಷನ್ ದೊಡ್ಡ ಪ್ರಮಾಣದಲ್ಲಿ ಬಂದದ್ದು 1967ರಲ್ಲಿ, ಬಾಷ್‌ನ ಡಿ-ಜೆಟ್ರಾನಿಕ್ ಮೂಲಕ.

ನಮ್ಮ ನಾಡಿಗೆ ಈ ಕಥೆಯ ನಂಟು ಹಳೆಯದು. 1951ರಲ್ಲಿ ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಎಲ್ಲರೂ ಕರೆಯುವ ಮೈಕೋ, ಹುಟ್ಟಿತು. ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಇಂಜೆಕ್ಷನ್ ಪಂಪು ಅದರ ಹೆಸರುವಾಸಿ ಸರಕು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆಯಿತು. ಹೀಗೆ ಪೆಟ್ರೋಲ್ ಕಾರುಗಳಿಗೆ ಇಂಜೆಕ್ಷನ್ ಬರುವ ಎಷ್ಟೋ ಮೊದಲೇ ಲಾರಿ, ಟ್ರ್ಯಾಕ್ಟರುಗಳ ಮೂಲಕ ನಮ್ಮ ಹಳ್ಳಿಗಳಿಗೆ ಇಂಜೆಕ್ಟರ್ ಎಂಬ ಪದ ಬಂದಿತ್ತು. ನಮ್ಮ ಜಹೀರಾಬಾದಿನಲ್ಲೇ 1980ರ ದಶಕದಲ್ಲಿ ಆಲ್ವಿನ್ ನಿಸ್ಸಾನ್ ಹಗುರ ಲಾರಿಗಳು ತಯಾರಾದವು. ಆ ಕಾರ್ಖಾನೆ 1989ರಲ್ಲಿ ಮಹೀಂದ್ರ ಕೈಸೇರಿತು.

ಪೆಟ್ರೋಲ್ ಕಾರುಗಳನ್ನು ಬದಲಿಸಿದ್ದು ಹೊಗೆಯ ಮೇಲಿನ ಕಾನೂನು. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಅದೇ ವರ್ಷ ಮಾರುತಿ 800ಕ್ಕೂ ಎಂಪಿಎಫ್‌ಐ, ಅಂದರೆ ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಇರುವ ಪದ್ಧತಿ, ಬಂತು. ಅಂಬಾಸಡರಿಗೆ 1990ರ ದಶಕದಲ್ಲಿ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಕೂರಿಸಿದ್ದರು. ಮುಂದೆ ಅದಕ್ಕೂ ಇಂಜೆಕ್ಷನ್ ಅಳವಡಿಸಿದರು. ಅಂದರೆ ಹುಡುಗನ ಪ್ರಶ್ನೆಗೆ ಕಾರ್ಖಾನೆಯೇ ಒಮ್ಮೆ ಉತ್ತರ ಕೊಟ್ಟಿದೆ.

ಟ್ಯಾಂಕಿನಲ್ಲಿ ಬದಲಾಗಬೇಕಾದ್ದೇನು?

ಇಂಜೆಕ್ಷನ್ನಿಗೆ ಸುಮಾರು 3 ಬಾರ್ ಒತ್ತಡ ಬೇಕು. ಕಾರ್ಬ್ಯುರೇಟರಿಗಿಂತ ಹತ್ತು ಪಟ್ಟು ಹೆಚ್ಚು! ಹಳೆಯ ಪಂಪು ಇದಕ್ಕೆ ಸಾಲದು, ವಿದ್ಯುತ್ ಪಂಪು ಬೇಕು. ಆ ಪಂಪು ಚೆನ್ನಾಗಿ ದೂಡುತ್ತದೆ, ಆದರೆ ಎಳೆಯುವ ಶಕ್ತಿ ಕಡಿಮೆ. ಆದ್ದರಿಂದ ಅದನ್ನು ಟ್ಯಾಂಕಿನ ಒಳಗೆ ಅಥವಾ ಟ್ಯಾಂಕಿಗೆ ಹತ್ತಿರ ತಗ್ಗಿನಲ್ಲಿ ಇಡುತ್ತಾರೆ. ಹಳೆಯ ರಬ್ಬರ್ ಪೈಪು ಈ ಒತ್ತಡ ತಾಳದು, ಇಂಜೆಕ್ಷನ್ನಿಗೆಂದೇ ಮಾಡಿದ ಪೈಪು, ಕ್ಲಿಪ್ಪು ಹಾಕಬೇಕು. ಎಂಜಿನ್ ನಿಂತ ಕೂಡಲೇ ಪಂಪೂ ನಿಲ್ಲುವಂತೆ ರಿಲೇ ಇರಬೇಕು. ಇಲ್ಲದಿದ್ದರೆ ಅಪಘಾತದಲ್ಲಿ ಪೈಪು ಹರಿದಾಗ ಪಂಪು ರಸ್ತೆಗೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಎರಡನೆಯದು ವಾಪಸು ಪೈಪು. ಪಂಪು ಎಂಜಿನ್ನಿಗೆ ಬೇಕಾದ್ದಕ್ಕಿಂತ ಹೆಚ್ಚು ಕಳಿಸುತ್ತದೆ, ಉಳಿದದ್ದು ಟ್ಯಾಂಕಿಗೆ ಮರಳಬೇಕು. ಕಾರ್ಬ್ಯುರೇಟರ್ ಕಾಲದ ಟ್ಯಾಂಕಿನಲ್ಲಿ ಅದಕ್ಕೆ ಬಾಯಿಯೇ ಇಲ್ಲ. ಇಲ್ಲಿಯೇ ನಾನು ಮಕ್ಕಳಿಗೆ ಹೇಳಿದ್ದು: "ನಿಮ್ಮ ಮನೆಯ ಟ್ರ್ಯಾಕ್ಟರ್ ನೋಡಿ ಬನ್ನಿ, ಡೀಸೆಲ್ ಟ್ಯಾಂಕಿಗೆ ಎಷ್ಟು ಪೈಪು?" ಮರುದಿನ ಬಂದು "ಎರಡು ಸಾರ್!" ಎಂದರು. ಒಂದು ಹೋಗುವುದು, ಇನ್ನೊಂದು ಇಂಜೆಕ್ಟರುಗಳಲ್ಲಿ ಉಳಿದ ಡೀಸೆಲ್ ಮರಳುವುದು. ಕಾರಿನವರು ಹುಡುಕುವ ಉತ್ತರ ನಮ್ಮ ಹೊಲದಲ್ಲೇ ನಿಂತಿತ್ತು.

ಮೂರನೆಯದು ಅಲುಗಾಟ. ಇಂಜೆಕ್ಷನ್ನಿನಲ್ಲಿ ಬಟ್ಟಲಿಲ್ಲ. ಪಂಪಿಗೆ ಗಾಳಿ ಹೋದರೆ ಒತ್ತಡ ಕುಸಿದು ಎಂಜಿನ್ ಎಡವುತ್ತದೆ. ಪಂಪನ್ನು ತಂಪಾಗಿಡುವುದೂ ಪೆಟ್ರೋಲೇ ಆದ್ದರಿಂದ ಪಂಪೂ ಬೇಗ ಹಾಳಾಗುತ್ತದೆ. ಅದಕ್ಕೆ ಟ್ಯಾಂಕಿನೊಳಗೆ ತಡೆಹಲಗೆಗಳನ್ನೂ ಪಂಪಿನ ಸುತ್ತ ಪುಟ್ಟ ಗುಂಡಿಯಂಥ ಪಾತ್ರೆಯನ್ನೂ ಇಡುತ್ತಾರೆ. ಇನ್ನೊಂದು ದಾರಿ, ಹಳೆಯ ಟ್ಯಾಂಕನ್ನು ಹಾಗೇ ಬಿಟ್ಟು, ಅದರ ಪಕ್ಕ ಒಂದೆರಡು ಲೀಟರಿನ ಸಣ್ಣ ಟ್ಯಾಂಕ್ ಇಡುವುದು. ಒಂದು ಸಾದಾ ಪಂಪು ಅದನ್ನು ಸದಾ ತುಂಬಿಸುತ್ತದೆ, ದೊಡ್ಡ ಪಂಪು ಅದರಿಂದ ಎಳೆಯುತ್ತದೆ. ಕಾರ್ಬ್ಯುರೇಟರಿನ ಬಟ್ಟಲೇ ಹಿಂದಕ್ಕೆ ಬಂದು ಕೂತಂತೆ!

ನಾಲ್ಕನೆಯದು ತುಕ್ಕು. ಕಾರ್ಬ್ಯುರೇಟರ್ ಸಹಿಸುತ್ತಿದ್ದ ಕಸವನ್ನು ಇಂಜೆಕ್ಟರಿನ ಸೂಕ್ಷ್ಮ ರಂಧ್ರ ಸಹಿಸದು. ಪಂಪಿಗೆ ಮೊದಲು ಒಂದು ಜಾಲರಿ, ನಂತರ ಒಂದು ನಯವಾದ ಫಿಲ್ಟರ್ ಬೇಕು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕ ಮೇಲೆ ಈ ಎಚ್ಚರ ಇನ್ನೂ ಮುಖ್ಯ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ಕೊಳೆಯನ್ನು ಸಡಿಲಿಸುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ.

ಒಂದು ಎಚ್ಚರಿಕೆ

ನಮ್ಮ ಮಕ್ಕಳಲ್ಲಿ ಕೆಲವರು ನಾಳೆ ಐಟಿಐಗೆ, ಇನ್ನು ಕೆಲವರು ನೇರವಾಗಿ ಗ್ಯಾರೇಜಿಗೆ ಹೋಗುತ್ತಾರೆ. ಅವರಿಗಾಗಿ ಇದನ್ನು ಒತ್ತಿ ಹೇಳುತ್ತೇನೆ. ಖಾಲಿ ಪೆಟ್ರೋಲ್ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಉರಿಯುವುದು ದ್ರವವಲ್ಲ, ಆವಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ. 1.4ರಿಂದ 7.6ರಷ್ಟಿದ್ದರೆ ಒಂದು ಕಿಡಿ ಸಾಕು. "ಖಾಲಿ ಇದೆ, ವೆಲ್ಡಿಂಗ್ ಮಾಡು" ಎಂದು ಯಾರು ಹೇಳಿದರೂ ಕೇಳಬೇಡಿ. ಟ್ಯಾಂಕನ್ನು ಪೂರ್ತಿ ಶುದ್ಧಮಾಡಿ ಆವಿ ತೆಗೆಯುವುದು ಬಲ್ಲವರ ಕೆಲಸ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪುಸ್ತಕದ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮನಬಂದಂತೆ ಬದಲಿಸುವಂತಿಲ್ಲ. ಎಂಜಿನ್ ಬದಲಿಸುವ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಬೇಕು. 2021ರಲ್ಲಿ ಬಂದ ವಿಂಟೇಜ್ ನಿಯಮದಂತೆ 50 ವರ್ಷ ದಾಟಿದ ವಾಹನಕ್ಕೆ ವಿಶೇಷ ನೋಂದಣಿ ಸಿಗುತ್ತದೆ, ಆದರೆ ಅದು ಮೂಲರೂಪದಲ್ಲಿರಬೇಕು. ಇಂಜೆಕ್ಷನ್ನಿಗಾಗಿ ಎಂಜಿನ್ ಬದಲಿಸಿದರೆ ಆ ಗೌರವ ಕೈತಪ್ಪಬಹುದು. ದಿನಾ ಓಡಿಸಬೇಕೋ, ಇದ್ದ ಹಾಗೆ ಉಳಿಸಬೇಕೋ ಎಂದು ಯಜಮಾನ ಮೊದಲೇ ತೀರ್ಮಾನಿಸಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಪಕ್ಕದ ಸಣ್ಣ ಟ್ಯಾಂಕಿನ ದಾರಿಯೇ ಮೇಲು. ಮೂಲ ಟ್ಯಾಂಕನ್ನು ಕೊರೆಯದೆ ಇಟ್ಟರೆ ಮುಂದೆ ಯಾರಾದರೂ ಅದನ್ನು ಮೊದಲಿನಂತೆ ಜೋಡಿಸಬಹುದು. ಕೊರೆದ ಟ್ಯಾಂಕು ಮತ್ತೆ ಹಳೆಯದಾಗುವುದಿಲ್ಲ. ಗಡಿಯಾಚೆ ಕನ್ನಡದಲ್ಲಿ ಪಾಠ ಹೇಳುವ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ. ಹೊಸದನ್ನು ಕಲಿಯಲೇಬೇಕು, ಹಳೆಯದನ್ನು ಕೊರೆದು ಹಾಕಬೇಕಿಲ್ಲ.

ಶಿಕ್ಷಕ ಮಿತ್ರರೆ, ಒಂದು ಪ್ರಯೋಗ ಮಾಡಿ. ಪ್ಲಾಸ್ಟಿಕ್ ಬಾಟಲಿಯಲ್ಲಿ ಕಾಲು ಭಾಗ ನೀರು ತುಂಬಿ ಮಲಗಿಸಿ, ಬಾಯಿಯಿಂದ ತಳದವರೆಗೆ ಒಂದು ಸ್ಟ್ರಾ ಇಳಿಸಿ, ನೀರು ಚೆಲ್ಲದಂತೆ ಬಾಟಲಿಯನ್ನು ಆಚೀಚೆ ಓಲಾಡಿಸಿ. ಸ್ಟ್ರಾದ ತುದಿ ಯಾವಾಗ ನೀರಿನಲ್ಲಿರುತ್ತದೆ, ಯಾವಾಗ ಗಾಳಿಯಲ್ಲಿರುತ್ತದೆ ಎಂದು ಮಕ್ಕಳೇ ನೋಡಿ ಹೇಳಲಿ. ಟ್ಯಾಂಕಿನ ಪಾಠ ಅವರಿಗೆ ಮರೆಯುವುದಿಲ್ಲ.