ಆತಕೂರಿನ ಕಾಳಿಯೂ ಮನೆಗೆ ಬರುವ ಅತಿಥಿ ನಾಯಿಯೂ



ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ದೂರವಾಣಿಯಲ್ಲಿ ಎರಡು ಸಂಗತಿಗಳನ್ನು ತಿಳಿಸಿದಳು. ಮೊದಲನೆಯದು, ಹೊಸದಾಗಿ ಕೊಂಡ ಮೊಬೈಲಿಗೆ ತಕ್ಕ ಕವರನ್ನು ಆರಿಸಲು ಆಕೆ ನಾಲ್ಕು ದಿನ ತೆಗೆದುಕೊಂಡದ್ದು. ಕೈಜಾರಿ ಬಿದ್ದಾಗ ಪೆಟ್ಟನ್ನು ತಾಳಿಕೊಳ್ಳಲು ಅದರ ಮೂಲೆಗಳು ದಪ್ಪವಾಗಿರಬೇಕಂತೆ. ಗಾಜು ನೆಲಕ್ಕೆ ತಾಗದಂತೆ ಅಂಚು ಕೊಂಚ ಎತ್ತರವಾಗಿರಬೇಕಂತೆ. ಎರಡನೆಯದು, ಬೀದಿಯಲ್ಲಿ ಗಾಯಗೊಂಡಿದ್ದ ನಾಯಿಯೊಂದನ್ನು, ಅದಕ್ಕೆ ಶಾಶ್ವತವಾದ ಮನೆ ದೊರೆಯುವವರೆಗೆ, ತನ್ನ ಮನೆಯಲ್ಲಿರಿಸಿಕೊಳ್ಳಲು ಒಪ್ಪಿಕೊಂಡದ್ದು. ಇಂತಹ ಪಾಲನೆಯನ್ನು ಈಗ ಎಲ್ಲರೂ ‘ಫಾಸ್ಟರ್’ ಎನ್ನುತ್ತಾರೆ. ನಾವು ಹಂಗಾಮಿ ಪೋಷಣೆ ಎನ್ನೋಣ. “ಮನೆಯಲ್ಲಿ ಏನೇನು ಸಿದ್ಧತೆ ಮಾಡಿಕೊಳ್ಳಲಿ, ಸಾರ್?” ಎಂಬುದು ಅವಳ ಪ್ರಶ್ನೆ.

ಜಡವಸ್ತುವೊಂದರ ರಕ್ಷಣೆಗೆ ನಾಲ್ಕು ದಿನ ಯೋಚಿಸುವವರು ಜೀವವೊಂದರ ರಕ್ಷಣೆಗೆ ಅದಕ್ಕಿಂತ ಕಡಿಮೆ ಯೋಚಿಸಬಾರದು. ಆದ್ದರಿಂದ ಅವಳ ಪ್ರಶ್ನೆ ನನಗೆ ಸಂತೋಷವನ್ನೇ ತಂದಿತು. ನಾನು ಪಶುವೈದ್ಯನಲ್ಲ, ಇತಿಹಾಸ ಪಾಠ ಹೇಳಿದವನು. ನಾಯಿಯನ್ನು ಪ್ರೀತಿಸುವುದು ಬೇರೆ, ಅದಕ್ಕಾಗಿ ಒಂದು ವ್ಯವಸ್ಥೆಯನ್ನು ಕಲ್ಪಿಸುವುದು ಬೇರೆ ಎಂಬ ಮಾತನ್ನು ನಮ್ಮ ನಾಡಿನದೇ ಒಂದು ಶಾಸನ ಸಾವಿರ ವರ್ಷಗಳ ಹಿಂದೆಯೇ ಹೇಳಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ.

ಮನುಷ್ಯನು ಬೇಸಾಯವನ್ನು ಕಲಿಯುವುದಕ್ಕೂ ಮುಂಚೆಯೇ ನಾಯಿ ಅವನ ಜೊತೆಗೆ ಬಂದಿತ್ತು. ಜರ್ಮನಿಯ ಬಾನ್ ನಗರದ ಬಳಿಯ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಸುಮಾರು 14,000 ವರ್ಷಗಳಷ್ಟು ಹಳೆಯದಾದ ಸಮಾಧಿಯೊಂದು ದೊರೆಯಿತು. ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಅವರೊಡನೆ ನಾಯಿಮರಿಯ ಎಲುಬುಗಳು ಇದ್ದುವು. ಆ ಮರಿಯ ಹಲ್ಲುಗಳನ್ನು ಪರೀಕ್ಷಿಸಿದ ವಿದ್ವಾಂಸರು 2018ರಲ್ಲಿ ಒಂದು ವಿಷಯವನ್ನು ಪ್ರಕಟಿಸಿದರು. ಅದಕ್ಕೆ ಡಿಸ್ಟೆಂಪರ್ ಎಂಬ ಕಠಿಣ ರೋಗ ತಗುಲಿತ್ತು. ಆದರೂ ಅದು ಕೆಲವು ವಾರಗಳ ಕಾಲ ಬದುಕಿತ್ತು. ಯಾರಾದರೂ ನೀರು, ಆಹಾರ ಕೊಟ್ಟು, ಬೆಚ್ಚಗಿರಿಸಿ, ಶುಚಿಗೊಳಿಸದೆ ಇದ್ದಿದ್ದರೆ ಅದು ಅಷ್ಟು ದಿನ ಉಳಿಯುವುದು ಸಾಧ್ಯವಿರಲಿಲ್ಲವೆಂಬುದು ಅವರ ಅಭಿಪ್ರಾಯ. ರೋಗಪೀಡಿತ ಮರಿಯಿಂದ ಬೇಟೆಗಾಗಲಿ ಕಾವಲಿಗಾಗಲಿ ಪ್ರಯೋಜನವಿಲ್ಲ. ಆದರೂ ಅದನ್ನು ನೋಡಿಕೊಂಡರು. ನಮ್ಮ ದೇಶದಲ್ಲಿ ಕಾಶ್ಮೀರದ ಬುರ್ಜಹೋಮ್ ಎಂಬ ನವಶಿಲಾಯುಗದ ನೆಲೆಯಲ್ಲಿಯೂ ಮನುಷ್ಯರೊಡನೆ ನಾಯಿಗಳನ್ನು ಹೂಳಿದ ಸಮಾಧಿಗಳು ದೊರೆತಿವೆ.

ಈಗ ನಮ್ಮ ನಾಡಿಗೆ ಬರೋಣ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಶಿಲಾಶಾಸನವನ್ನು ಕರ್ನಾಟಕದ ಇತಿಹಾಸ ಓದಿದವರೆಲ್ಲ ಬಲ್ಲರು. ಅದರ ಕಾಲ ಶಕವರ್ಷ 872, ಎಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಗೂ ಚೋಳ ರಾಜಕುಮಾರ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಮಹಾಯುದ್ಧ, ಗಂಗರ ಎರಡನೆಯ ಬೂತುಗನಿಂದ ರಾಜಾದಿತ್ಯನು ಹತನಾದದ್ದು, ಮೆಚ್ಚಿದ ಕೃಷ್ಣನು ತನ್ನ ಭಾವಮೈದುನನಾದ ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳನ್ನು ಕೊಟ್ಟದ್ದು, ಇವೆಲ್ಲ ಆ ಕಲ್ಲಿನಲ್ಲಿವೆ. ತರಗತಿಯಲ್ಲಿ ನಾವು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸುತ್ತಿದ್ದೆವು, ಪರೀಕ್ಷೆಗೆ ಬೇಕಾದದ್ದು ಅಷ್ಟೇ. ಆದರೆ ಆ ಕಲ್ಲನ್ನು ನೆಟ್ಟದ್ದು ಯುದ್ಧದ ನೆನಪಿಗಾಗಿ ಮಾತ್ರವಲ್ಲ, ಒಂದು ನಾಯಿಯ ನೆನಪಿಗಾಗಿ. ಶಾಸನದ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಸೆಣಸುತ್ತಿರುವ ಶಿಲ್ಪವಿದೆ.

ಬೂತುಗನ ಸೇವೆಯಲ್ಲಿದ್ದ ಸಗರವಂಶದ ಮಣಲೆರನೆಂಬ ವೀರನು ಆ ಯುದ್ಧದಲ್ಲಿ ಪರಾಕ್ರಮದಿಂದ ಕಾದಿದನು. ಒಡೆಯನು ಮೆಚ್ಚಿ, ಬೇಕಾದದ್ದನ್ನು ಕೇಳಿಕೋ ಎಂದಾಗ ಮಣಲೆರನು ಕೇಳಿದ್ದು ಕಾಳಿಯೆಂಬ ಹೆಸರಿನ ನಾಯಿಯನ್ನು. ಮುಂದೆ ಆ ಕಾಳಿಯನ್ನು ಕೆಳಲೆನಾಡಿನ ಬೆಳತೂರಿನ ಪಡುವಣದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಹೋರಾಡಿ ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಾಳಿಗಾಗಿ ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ದತ್ತಿಯಾಗಿ ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಎಂದರೆ ಶೈವ ಪೂಜಾರಿಯು, ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಬರುತ್ತದೆಂದು ಶಾಸನ ಎಚ್ಚರಿಸುತ್ತದೆ.

ಇದನ್ನು ಸ್ವಾಮಿನಿಷ್ಠೆಯ ಕಥೆಯೆಂದು ಹೇಳುವುದು ರೂಢಿ. ನನಗೆ ಅದರ ಕೊನೆಯ ಭಾಗವೇ ಹೆಚ್ಚು ಮುಖ್ಯವಾಗಿ ತೋರುತ್ತದೆ. ನಾಯಿ ಸತ್ತಿತೆಂದು ಅತ್ತು ಸುಮ್ಮನಾಗಲಿಲ್ಲ. ಖರ್ಚಿಗೆ ಆದಾಯ ಎಲ್ಲಿಂದ ಎಂಬುದಕ್ಕೆ ನೀರಾವರಿ ಭೂಮಿ, ಹೊಣೆ ಯಾರದು ಎಂಬುದಕ್ಕೆ ಗೊರವ, ಹೊಣೆ ತಪ್ಪಿದರೆ ಏನು ಎಂಬುದಕ್ಕೆ ಪಾಪದ ಭಯ, ಇವು ಮೂರನ್ನೂ ಬರವಣಿಗೆಯಲ್ಲಿ ನಿಶ್ಚಯಿಸಿದರು. ಗೊರವನು ಒಬ್ಬನೇ ಶಾಶ್ವತವಾಗಿ ಇರುವುದಿಲ್ಲ, ಒಬ್ಬನ ನಂತರ ಮತ್ತೊಬ್ಬನು ಬರುತ್ತಾನೆ. ಕಲ್ಲು ಅವರಲ್ಲಿ ಯಾರ ಸ್ವತ್ತೂ ಅಲ್ಲ. ಆದರೂ ಅದು ತನ್ನ ವಶದಲ್ಲಿರುವಷ್ಟು ಕಾಲ ಕರ್ತವ್ಯ ಪೂರ್ತಿಯಾಗಿ ಅವನದೇ. ಹಂಗಾಮಿ ಪೋಷಕರ ಸ್ಥಿತಿಯೂ ಇದೇ ಅಲ್ಲವೆ?

ಇನ್ನೊಂದು ಮಾತನ್ನೂ ಮರೆಮಾಚಬಾರದು. ಕಾಳಿ ತಾನಾಗಿ ಹಂದಿಯ ಮೇಲೆ ಹೋಗಲಿಲ್ಲ, ಅದನ್ನು ಬಿಟ್ಟವರು ಮನುಷ್ಯರು. ಬೇಟೆ ಆ ಕಾಲದ ಅರಸರ ವಿನೋದ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ವಿನೋದಗಳಲ್ಲಿ ನಾಯಿಗಳಿಗೆ ಸಂಬಂಧಿಸಿದ ಒಂದು ಪ್ರಕರಣವೇ ಇದೆ. ಆದ್ದರಿಂದ ಆತಕೂರಿನ ಕಲ್ಲಿನಲ್ಲಿ ಕೃತಜ್ಞತೆಯಿರುವಂತೆ ಋಣವೂ ಇದೆಯೆಂದು ನಾನು ತಿಳಿಯುತ್ತೇನೆ. ನಾಯಿಯ ಬದುಕು ನಮ್ಮ ನಿರ್ಧಾರಗಳಿಗೆ ಒಳಪಟ್ಟಿರುವುದರಿಂದಲೇ ಅದರ ಹೊಣೆ ನಮ್ಮ ಮೇಲೆ ಬೀಳುತ್ತದೆ.

ಹಳ್ಳಿಗಳಲ್ಲಿ ನಾಯಿ ಊರಿನದಾಗಿತ್ತು. ನಗರಗಳು ಬೆಳೆದಂತೆ ಒಡೆಯನಿಲ್ಲದ ನಾಯಿ ಆಡಳಿತಕ್ಕೆ ಸಮಸ್ಯೆಯಾಯಿತು. 1832ರ ಜೂನ್ ತಿಂಗಳಿನಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಬ್ರಿಟಿಷರ ಆಜ್ಞೆಯನ್ನು ವಿರೋಧಿಸಿ ಮುಂಬಯಿಯಲ್ಲಿ ಗಲಭೆಯೇ ಆಯಿತು. ನಾಯಿಯನ್ನು ಪವಿತ್ರವೆಂದು ಭಾವಿಸುವ ಪಾರ್ಸಿಗಳು ಅದರ ಮುಂದಾಳುಗಳು. ಅಂಗಡಿ ಮುಂಗಟ್ಟುಗಳು ಮುಚ್ಚಿದವು. ಅತ್ತ ಇಂಗ್ಲೆಂಡಿನಲ್ಲಿ ಮೇರಿ ಟೀಲ್ಬಿ ಎಂಬ ಮಹಿಳೆ 1860ರಲ್ಲಿ ಲಂಡನ್ನಿನ ಹಾಲೊವೆ ಎಂಬಲ್ಲಿ ದಿಕ್ಕಿಲ್ಲದ ನಾಯಿಗಳಿಗಾಗಿ ಆಶ್ರಯವೊಂದನ್ನು ತೆರೆದಳು. ಆಕೆ ಅದಕ್ಕಿಟ್ಟ ಹೆಸರಿನ ಅರ್ಥ ‘ಕಳೆದುಹೋದ, ಹಸಿದ ನಾಯಿಗಳ ತಾತ್ಕಾಲಿಕ ಮನೆ’ ಎಂದು. ಮನುಷ್ಯರೇ ಹಸಿದಿರುವಾಗ ನಾಯಿಗೆ ಮನೆಯೇ ಎಂದು ಅನೇಕರು ಹಾಸ್ಯ ಮಾಡಿದರು. ಟೀಲ್ಬಿ 1865ರಲ್ಲಿ ತೀರಿಕೊಂಡಳು. 1871ರಲ್ಲಿ ಆ ಸಂಸ್ಥೆ ಬ್ಯಾಟರ್‌ಸೀ ಎಂಬಲ್ಲಿಗೆ ಸ್ಥಳಾಂತರಗೊಂಡು, ಇಂದಿಗೂ ಆ ಊರಿನ ಹೆಸರಿನಿಂದಲೇ ನಡೆಯುತ್ತಿದೆ.

ನಾಯಿಯ ಬಗ್ಗೆ ಜನರಿಗಿದ್ದ ಭಯಕ್ಕೆ ಕಾರಣವೂ ಇತ್ತು. ಹುಚ್ಚುನಾಯಿ ಕಡಿದು ರೋಗ ಕಾಣಿಸಿಕೊಂಡರೆ ಬದುಕುವ ಆಸೆಯೇ ಇರಲಿಲ್ಲ. 1885ರ ಜುಲೈ 6ರಂದು ಲೂಯಿ ಪಾಶ್ಚರನು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನಿಗೆ ಲಸಿಕೆ ಕೊಡಿಸಿ ಉಳಿಸಿದ ಮೇಲೆ ಮೊದಲ ಬಾರಿಗೆ ಧೈರ್ಯ ಬಂದಿತು. ದಕ್ಷಿಣ ಭಾರತಕ್ಕಾಗಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ 1907ರಲ್ಲಿ ಆರಂಭವಾಯಿತು. ಸ್ವತಂತ್ರ ಭಾರತದಲ್ಲಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂದಿತು. ಬೀದಿನಾಯಿಗಳನ್ನು ಕೊಲ್ಲುವ ಬದಲು ಸಂತಾನಶಕ್ತಿಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲಿಯೇ ಬಿಡಬೇಕೆಂಬ ನಿಯಮಗಳು 2001ರಲ್ಲಿ ಬಂದು, 2023ರಲ್ಲಿ ಪರಿಷ್ಕೃತವಾದವು. 2025ರ ಆಗಸ್ಟ್ ತಿಂಗಳಿನಲ್ಲಿ ದೆಹಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಗಳಿಗೆ ಸಾಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಕೆಲವೇ ದಿನಗಳಲ್ಲಿ ವಿಸ್ತೃತ ಪೀಠವು ಆ ಆದೇಶವನ್ನು ಮಾರ್ಪಡಿಸಿತು. ಆಗ ದೇಶದಾದ್ಯಂತ ನಡೆದ ವಾಗ್ವಾದವನ್ನು ನೀವೆಲ್ಲ ಕೇಳಿದ್ದೀರಿ. ನಾಯಿ ಕಡಿತದಿಂದ ಮಗುವನ್ನು ಕಳೆದುಕೊಂಡ ತಾಯಿಯ ನೋವೂ ನಿಜ, ಹಸಿದ ನಾಯಿಯ ನೋವೂ ನಿಜ. ಒಂದು ನಾಯಿಯನ್ನು ಬೀದಿಯಿಂದ ಒಳಗೆ ಕರೆದು ಒಳ್ಳೆಯ ಮನೆಗೆ ಸೇರಿಸುವವರು ಎರಡೂ ನೋವುಗಳನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡುತ್ತಾರೆ. ಆದರೆ ಸಿದ್ಧತೆಯಿಲ್ಲದೆ ಕರೆತಂದು ಹದಿನೈದು ದಿನಗಳಲ್ಲಿ ಬೇಸತ್ತು ಮತ್ತೆ ಬೀದಿಗೆ ಬಿಡುವುದು, ಕರೆತರದೆ ಇರುವುದಕ್ಕಿಂತಲೂ ಕೆಟ್ಟದ್ದು.

ಹಾಗಾದರೆ ಸಿದ್ಧತೆ ಏನು? ಮೊದಲು ಮನೆಯವರೆಲ್ಲರ ಒಪ್ಪಿಗೆ. ಬಾಡಿಗೆ ಮನೆಯಾದರೆ ಮಾಲೀಕರಿಗೂ ನೆರೆಯವರಿಗೂ ಮುಂಚಿತವಾಗಿ ತಿಳಿಸುವುದು. ಔಷಧದ ಖರ್ಚು ಯಾರದು, ಎಷ್ಟು ದಿನ ಇಟ್ಟುಕೊಳ್ಳಬೇಕು, ಮನೆ ಸಿಗದಿದ್ದರೆ ಮುಂದೇನು ಎಂಬುದನ್ನು ನಾಯಿಯನ್ನು ಒಪ್ಪಿಸುವವರೊಡನೆ ಬರವಣಿಗೆಯಲ್ಲಿಯೇ ಇತ್ಯರ್ಥ ಮಾಡಿಕೊಳ್ಳಬೇಕು. ಮಣಲೆರನು ಭೂಮಿ ಬಿಟ್ಟಂತೆಯೇ ಇದು. ಲಸಿಕೆಯ ವಿವರ ಕೇಳಿ, ಒಮ್ಮೆ ಪಶುವೈದ್ಯರಿಗೆ ತೋರಿಸಬೇಕು. ಮನೆಯಲ್ಲಿ ಬೇರೆ ನಾಯಿಯಿದ್ದರೆ ಹೊಸದನ್ನು ಕೆಲವು ದಿನ ಪ್ರತ್ಯೇಕವಾಗಿರಿಸಿ, ಮೊದಲ ಭೇಟಿಯನ್ನು ಮನೆಯ ಹೊರಗೆ ಮಾಡಿಸುವುದು ಒಳ್ಳೆಯದು.

ನಂತರ ಮನೆಯೊಳಗಣ ವಿಷಯ. ಜನರ ಓಡಾಟ ಕಡಿಮೆಯಿರುವ ಒಂದು ಮೂಲೆ, ಅಲ್ಲಿ ಹಳೆಯ ಕಂಬಳಿ, ಒಂದು ಬಟ್ಟಲು ನೀರು ಇಷ್ಟಿದ್ದರೆ ಸಾಕು. ನೆಲಮಟ್ಟದಲ್ಲಿರುವ ವಿದ್ಯುತ್ ತಂತಿಗಳನ್ನೂ ಮೊಬೈಲಿನ ಚಾರ್ಜರನ್ನೂ ಎತ್ತರಕ್ಕೆ ಸರಿಸಬೇಕು, ಮರಿಗಳು ಅಗಿಯುತ್ತವೆ. ಫಿನೈಲು, ಇಲಿಪಾಷಾಣ, ಮನುಷ್ಯರ ಮಾತ್ರೆಗಳು ಬೀಗದ ಒಳಗಿರಲಿ. ನಮ್ಮ ಅಡುಗೆಮನೆಯಲ್ಲಿಯೂ ನಾಯಿಗೆ ವಿಷವಾಗುವ ಪದಾರ್ಥಗಳಿವೆ: ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು, ಕಾಫಿಪುಡಿ. ಮಿಕ್ಕ ಹುಳಿಯನ್ನವನ್ನೋ ದ್ರಾಕ್ಷಿ ಹಾಕಿದ ಪಾಯಸವನ್ನೋ ಅಕ್ಕರೆಯಿಂದ ಹಾಕುವ ಅಜ್ಜಿಯಂದಿರಿಗೆ ಇದನ್ನು ಮೊದಲೇ ತಿಳಿಸಿರಿ. ಅದು ಹಿಂದೆ ತಿನ್ನುತ್ತಿದ್ದ ಆಹಾರವನ್ನೇ ಕೊಟ್ಟು, ಬದಲಾವಣೆಯನ್ನು ನಿಧಾನವಾಗಿ ಮಾಡಬೇಕು.

ಹೊಸ ಜಾಗದಲ್ಲಿ ಹೆದರಿದ ನಾಯಿ ತೆರೆದ ಬಾಗಿಲಿನಿಂದ ಓಡಿಹೋಗುವುದು ಸಾಮಾನ್ಯ. ಆದುದರಿಂದ ಬರುವ ದಿನವೇ ಫೋನ್ ಸಂಖ್ಯೆಯಿರುವ ಕೊರಳಪಟ್ಟಿ ಹಾಕಿ, ಗೇಟಿನ ಸಂದುಗಳನ್ನೂ ಬಾಲ್ಕನಿಯ ಕಂಬಿಗಳನ್ನೂ ನೋಡಿಕೊಳ್ಳಬೇಕು. ಮೊದಲ ಕೆಲವು ದಿನ ಅದು ಉಣ್ಣದೆ ಮೂಲೆಯಲ್ಲಿಯೇ ಮಲಗಿದರೆ ಬಲವಂತವಾಗಿ ಮುದ್ದಿಸಬಾರದು. ಉಪವಾಸ ಮುಂದುವರಿದರೆ ವೈದ್ಯರನ್ನು ಕೇಳಬೇಕು. ತಿನ್ನುವಾಗ, ಮಲಗಿರುವಾಗ ಹತ್ತಿರ ಹೋಗಬಾರದೆಂದು ಮಕ್ಕಳಿಗೆ ಹೇಳಿಕೊಡಬೇಕು. ಒಂದು ವೇಳೆ ಕಡಿದರೆ ಅರಿಶಿನ, ಸುಣ್ಣವೆಂದು ಕಾಲ ಕಳೆಯದೆ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ದೀಪಾವಳಿಯ ಪಟಾಕಿಯ ದಿನಗಳಲ್ಲಿ ಅದನ್ನು ಒಳಕೋಣೆಯಲ್ಲಿರಿಸಿ ಜೊತೆಗಿರುವುದು ಲೇಸು.

ಕೊನೆಯದಾಗಿ, ಒಂದು ನೋಟುಪುಸ್ತಕವನ್ನು ಇಡಬೇಕೆಂಬುದು ನನ್ನ ಸಲಹೆ. ಯಾವ ದಿನ ಯಾವ ಲಸಿಕೆ, ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ, ಯಾವ ಹೆಸರಿಗೆ ಓಗೊಡುತ್ತದೆ ಎಂಬುದನ್ನೆಲ್ಲ ಅದರಲ್ಲಿ ಬರೆದು, ನಾಯಿಯೊಡನೆ ಮುಂದಿನ ಮನೆಯವರಿಗೆ ಒಪ್ಪಿಸಬೇಕು. ನಾಯಿಗೆ ತನ್ನ ಹಿಂದಿನ ಬದುಕನ್ನು ಹೇಳಿಕೊಳ್ಳಲು ಮಾತಿಲ್ಲ, ಅದರ ಪರವಾಗಿ ನಾವೇ ಬರೆಯಬೇಕು. ಒಪ್ಪಿಸುವ ದಿನ ದುಃಖವಾಗುವುದು ಸಹಜ. ಮಗಳನ್ನು ಗಂಡನ ಮನೆಗೆ ಕಳುಹಿಸಿದವರಿಗೂ, ಪ್ರತಿವರ್ಷ ಹತ್ತನೆಯ ತರಗತಿಯ ಮಕ್ಕಳನ್ನು ಬೀಳ್ಕೊಟ್ಟ ನನ್ನಂಥವರಿಗೂ ಆ ದುಃಖದ ಪರಿಚಯವಿದೆ. ಅವರು ಹೋದ ಕಡೆ ಚೆನ್ನಾಗಿದ್ದಾರೆಂಬ ಸುದ್ದಿ ಬಂದರೆ ಅದು ಕರಗುತ್ತದೆ.

ಬೆಂಗಳೂರಿಗೆ ಹೋದಾಗ ನಿಮ್ಮ ಮಕ್ಕಳಿಗೆ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದ ಆ ಕಲ್ಲನ್ನು ತೋರಿಸಿರಿ. ತಕ್ಕೋಲದ ಯುದ್ಧದ ಇಸವಿ ಅವರಿಗೆ ಮರೆತುಹೋದರೂ ಚಿಂತೆಯಿಲ್ಲ, ಕಾಳಿಯ ಹೆಸರನ್ನು ಹೇಳಿಕೊಡಿರಿ. ಹಿರಿಯ ಕೆರೆಯ ಕೆಳಗೆ ಅದಕ್ಕಾಗಿ ಬಿಟ್ಟ ಎರಡು ಖಂಡುಗ ಭೂಮಿಯ ಸಂಗತಿಯನ್ನೂ ಮರೆಯದೆ ಹೇಳಿರಿ.